ಯಾವ ಶಾಸ್ತ್ರಿಗಳಿಗೆ ತೋರಿಸಿದ್ರಿ?

ನಮ್ಮದು ಇಳಕಲ್ಲಿನ ನೇಕಾರರ ಮನೆ. ಯಾರ ಮನಸ್ಸೂ ನೋಯದ ಹಾಗೆ ಮಾತಾಡಬೇಕು ಎಂದು ಕೇಳುತ್ತಲೇ ಬೆಳೆದವಳು ನಾನು. ಹಾಗೆ ಮಾತಾಡಲು ಬರುತ್ತದೆ ಎಂಬ ಜಂಬವೂ ಇತ್ತು. ಅದನ್ನು ಇಳಿಸಿದವರು ಬಾದಾಮಿಯ ಒಬ್ಬ ವಕೀಲರು.

ಒಂದು ಮಧ್ಯಾಹ್ನ ಅವರು ಮನೆಗೆ ಬಂದು, ನಾವು ಹಿಂದೊಮ್ಮೆ ಮಗನಿಗಾಗಿ ಬಾದಾಮಿಯಲ್ಲಿ ನೋಡಿಬಂದ ಕನ್ಯೆಯ ಕೇಸು ತಮ್ಮ ಕೈಯಲ್ಲಿದೆ ಎಂದರು. ಆ ಹುಡುಗಿ ಕೆಲಸಕ್ಕೆ ಹೋಗುತ್ತಿದ್ದ ಟಂಟಂ ಆಟೋ ಪಲ್ಟಿಯಾಗಿ ಕಾಲು ಮುರಿದಿತ್ತು. ನಾವು ನೋಡಲು ಹೋಗುವ ಹೊತ್ತಿಗೆ ಎಲುಬು ಕೂಡಿತ್ತು, ಕುಂಟು ಮಾತ್ರ ಉಳಿದಿತ್ತು. ನೋಡಿಬಂದ ಮೇಲೆ ಫೋನಿನಲ್ಲಿ ಬೇಡವೆಂದಿದ್ದೆವು. ಗಾಯದಿಂದಾಗಿ ಮದುವೆ ತಪ್ಪಿದ್ದರೆ ವಿಮಾ ಕಂಪನಿ ಅದಕ್ಕೂ ದುಡ್ಡು ಕೊಡಬೇಕಾಗುತ್ತದಂತೆ. ಅದನ್ನು ವಿಚಾರಿಸಲು ಬಂದಿದ್ದರು.

ಚಹಾಕ್ಕೆ ಇಟ್ಟೆ. ಯಾಕೆ ಬೇಡವೆಂದಿರಿ ಎಂದು ಕೇಳಿದರೆ ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಮನುಷ್ಯ ಅದನ್ನು ಕೇಳಲೇ ಇಲ್ಲ.

"ಅಮ್ಮಾರ, ಅವತ್ತ ಚಹಾ ಯಾರು ತಂದ್ರು?"

"ಹುಡಿಗೀನ ತಂದ್ಲರಿ."

"ಅಡಗಿಮನಿಯಿಂದ ನೀವು ಕುಂತಲ್ಲಿಗೆ ದೂರ ಐತೇನು?"

"ಒಂದ ಪಡಸಾಲಿ ದಾಟಿ ಬರಬೇಕ್ರಿ."

"ತಾಟಿನ್ಯಾಗ ಚಹಾ ತುಳುಕಿತ್ತೇನು?"

ತುಳುಕಿತ್ತು. ನನ್ನ ಸೀರೆಗೂ ಒಂದು ಹನಿ ಸಿಡಿದಿತ್ತು. ಇದನ್ನೆಲ್ಲ ಯಾರು ಕೇಳುತ್ತಾರೆ? "ತುಳುಕಿತ್ರಿ" ಎಂದೆ.

"ಆಕಿ ಬರಾಕತ್ತಾಗ ನಿಮ್ಮ ಕಣ್ಣ ಎಲ್ಲಿತ್ತು?"

"ಕಾಲ ಮ್ಯಾಲರಿ."

"ಹುಡಿಗಿ ಮಾರಿ ಹೆಂಗಿತ್ತು, ನೆನಪೈತೇನು?"

ನೆನಪಿರಲಿಲ್ಲ. ಅವರ ಮನೆಯ ಉಪ್ಪಿಟ್ಟು ನೆನಪಿತ್ತು, ಗೋಡೆಯ ಬಣ್ಣ ನೆನಪಿತ್ತು. ಹುಡುಗಿಯ ಮುಖ ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ. ಕನ್ಯೆ ನೋಡಲು ಹೋದವಳು ಏನು ನೋಡಿ ಬಂದೆ ಎಂದು ನನಗೇ ಹೇಸಿಗೆಯಾಯಿತು.

"ಮುಂದ ಅವರಿಗೆ ಏನಂತ ಹೇಳಿದ್ರಿ?"

"ಕುಂಡಲಿ ಕೂಡಲಿಲ್ಲರಿ, ಹುಡಿಗಿಗೆ ಕುಜದೋಷ ಐತಿ ಅಂತ."

"ಯಾವ ಶಾಸ್ತ್ರಿಗಳಿಗೆ ತೋರಿಸಿದ್ರಿ?"

ಯಾರಿಗೂ ತೋರಿಸಿರಲಿಲ್ಲ. ಕುಂಡಲಿ ಕೂಡಲಿಲ್ಲ ಅನ್ನುವುದು ನಮ್ಮ ಕಡೆ ಹಸಿದಿದ್ದರೂ ಉಂಡು ಬಂದೇನಿ ಅಂದಷ್ಟೇ ಸಲೀಸು. ಕೇಳಿದವರೂ ಕೆದಕುವುದಿಲ್ಲ. ಆದರೆ ಅವತ್ತು ಬರೀ ಕೂಡಲಿಲ್ಲ ಅಂದದ್ದು ಸಪ್ಪಗೆ ಅನ್ನಿಸಿ, ಗಟ್ಟಿಯಾಗಲೆಂದು ಕುಜದೋಷವನ್ನು ನಾನೇ ಸೇರಿಸಿದ್ದೆ. ಮಗನಿಗೆ ಹುಡುಗಿ ಹಿಡಿಸಿದ್ದಳು. ಬೇಡವೆಂದವಳು ನಾನು. ಬೀಗರು, ಓಣಿಯವರು ಏನೆಂದಾರು ಎಂಬುದೇ ನನ್ನ ತಲೆಯಲ್ಲಿತ್ತು.

ಯಾರಿಗೂ ಇಲ್ಲರಿ ಎಂದು ಒಪ್ಪಿಕೊಂಡೆ. ವಕೀಲರು ಪೆನ್ನು ಜೇಬಿಗಿಟ್ಟುಕೊಂಡರು. "ನನ್ನ ಮುಂದ ಒಪ್ಪಿದ್ರ ಸಾಲದರಿ. ಕೋರ್ಟಿನ್ಯಾಗ ಆಕಿ ಎದುರಿಗೇ ಹೇಳಬೇಕಾಗ್ತದ. ಕಾಲಿಗೆ ಇನ್ನೂ ಬಾವು ಬರ್ತದ. ಭಾಳ ನಡೀಬ್ಯಾಡ ಅಂತಾರ ಡಾಕ್ಟರು, ಆಕಿ ಕೇಳವಲ್ಲಳು. ಇನ್ನೊಂದು ಆಪರೇಶನ್ ಆಗಬೇಕು. ಅದಕ್ಕ ಈ ದುಡ್ಡ ಬೇಕು."

ಅಂದರೆ ಯಾವ ಮಾತು ಅವಳ ಕಿವಿಗೆ ಬೀಳಬಾರದೆಂದು ಸುಳ್ಳು ಹೇಳಿದ್ದೆನೋ, ಅದೇ ಮಾತನ್ನು ಅವಳ ಎದುರೇ ನಿಂತು ಹೇಳಿದರೆ ಅವಳಿಗೆ ಒಳ್ಳೆಯದಾಗುವಂತಿತ್ತು. ವಾರವೆಲ್ಲ ನನಗೆ ಅನ್ನ ಸೇರಲಿಲ್ಲ. ಕೊನೆಗೆ ಹೋಗುತ್ತೇನೆಂದು ಫೋನು ಮಾಡಿದೆ.

ಹುನಗುಂದ ದಾಟಿ ಬಾಗಲಕೋಟೆ ಮುಟ್ಟುವವರೆಗೂ ಬಸ್ಸಿನಲ್ಲಿ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದೆ. ಕೋರ್ಟಿನಲ್ಲಿ ಹಿಂದಿನ ಬೆಂಚಿನ ಮೇಲೆ ತಾಯಿ, ಮಗಳು ಕೂತಿದ್ದರು. ಬಾದಾಮಿಯ ವಕೀಲರು ಕೇಳಿದ್ದಕ್ಕೆಲ್ಲ ಹೇಳಿದೆ. ಆಮೇಲೆ ಕಂಪನಿಯ ವಕೀಲರು ಎದ್ದರು.

"ಅವರ ಮುಂದ ಕುಂಡಲಿ ಅಂದ್ರಿ, ಇಲ್ಲಿ ಕಾಲು ಅಂತೀರಿ. ಅವತ್ತಿಂದು ಸುಳ್ಳೋ, ಇವತ್ತಿಂದು ಸುಳ್ಳೋ?"

"ಅವತ್ತಿಂದು ಸುಳ್ಳರಿ. ಕಾಲು ನೋಡಿ ಬ್ಯಾಡಂದೆ."

ಹಿಂದೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಆದರೂ ಸುಳ್ಳು ಹೇಳಲಾರೆ, ಮೆಟ್ಟಿಲಿಳಿಯುವಾಗ ಮೈ ಹಗುರವೆನಿಸಿತು. ಮಾಡಿದ ತಪ್ಪಿನ ಲೆಕ್ಕ ಚುಕ್ತಾ ಆಯಿತೆಂದು ನಾಚಿಕೆಯಿಲ್ಲದೆ ಅಂದುಕೊಂಡೆ.

ಹೊರಗೆ ಹುಡುಗಿಯ ತಾಯಿ ಹತ್ತಿರ ಬಂದರು. ಬೈಯುತ್ತಾರೆ, ಬೈಯಲಿ ಎಂದು ನಿಂತೆ. ಅವರು ಬೈಯಲಿಲ್ಲ.

"ಹಂಗಾರ ನಮ್ಮ ಹುಡಿಗಿಗೆ ಕುಜದೋಷ ಇಲ್ಲೇನ್ರಿ?"

"ಇಲ್ಲರಿ. ನಾವು ಯಾರಿಗೂ ತೋರಿಸಿರಲೇ ಇಲ್ಲ."

"ಆಕಿ ಹುಟ್ಟಿದ ಟೈಮು ನಮಗೂ ಸರಿಯಾಗಿ ಗೊತ್ತಿಲ್ಲರಿ, ಅಂದಾಜಿಲೆ ಬರಿಸಿದ ಕುಂಡಲಿ. ನಿಮ್ಮ ಶಾಸ್ತ್ರಿಗಳು ನೋಡೇ ಹೇಳ್ಯಾರ ಅಂತ ನಂಬಿದ್ವಿ." ಅವರು ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. "ನೀವು ಹೇಳಿದಾಗಿನಿಂದ ಮಂಗಳವಾರಕ್ಕೊಮ್ಮೆ ಬಾದಾಮಿಯಿಂದ ಬನಶಂಕರಿ ಗುಡಿತನಕ ಬರಿಗಾಲಿಲೆ ನಡಸೇನ್ರಿ ಆಕಿನ್ನ. ದೋಷ ಹೋಗಲಿ ಅಂತ."

ವಕೀಲರು ಹೇಳಿದ ಬಾವು ನೆನಪಾಯಿತು. ನಾಲ್ಕೈದು ಕಿಲೋಮೀಟರಿನ ಆ ದಾರಿ ನಾನು ಬಲ್ಲೆ. ಎರಡು ಕಾಲು ನೆಟ್ಟಗಿರುವ ನಾನೇ ಅಲ್ಲಿಗೆ ಆಟೋ ಹತ್ತಿ ಹೋಗುವವಳು.

ಹುಡುಗಿ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಆಗ ಅವಳ ಮುಖ ನೋಡಿದೆ. ಸಿಟ್ಟಿನಿಂದಲ್ಲ, ಸುಮ್ಮನೆ ಒಂದು ಸಂಗತಿ ತಿಳಿಸುವವಳ ಹಾಗೆ ಹೇಳಿದಳು:

"ಅವತ್ತ ಕಾಲು ಅಂತನ ಅಂದುಬಿಟ್ಟಿದ್ರ, ಅಮ್ಮಾರ, ನಾ ಮಂಗಳವಾರ ಮನ್ಯಾಗ ಕುಂದರ್ತಿದ್ದೆ."