ನಾರ್ಮಲ್ ರಿಪೋರ್ಟಿಗೆ ಅಳು ಬಂದ ದಿನ

‘ಅಕ್ಕಾರ, ಪ್ರವೀಣನ ರಿಪೋರ್ಟ್ ನಾರ್ಮಲ್ ಬಂತ್ರಿ’ ಎಂದು ಹೇಳಿ ಯಲ್ಲವ್ವ ಫೋನಿನಲ್ಲೇ ಗೊಳೋ ಎಂದು ಅತ್ತಳು.

ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿದ್ದೆ. ‘ಚಲೋ ಆತು’ ಅನ್ನಬೇಕೋ, ‘ಅಳಬ್ಯಾಡ’ ಅನ್ನಬೇಕೋ ತಿಳಿಯಲಿಲ್ಲ. ಮಗನ ಹೃದಯ ಸರಿಯಾಗಿದೆ ಎಂದರೆ ತಾಯಿ ಅಳುತ್ತಾಳೆಯೇ?

ಅಳುತ್ತಾಳೆ. ಅದಕ್ಕೆ ಕಾರಣ ನಾನು.

ಮೊದಲಿನಿಂದ ಹೇಳುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಶಿಗ್ಗಾಂವ ಬಸ್ ಸ್ಟ್ಯಾಂಡಿನಲ್ಲಿ, ಹೊರಟ ಬಸ್ಸಿನ ಹಿಂದೆ ಓಡಲು ಹೋಗಿ ಧೊಪ್ಪನೆ ಬಿದ್ದೆ. (ಬಸ್ಸು ನಿಲ್ಲಲಿಲ್ಲ.) ಹುಬ್ಬಳ್ಳಿಯಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದರು. ‘ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ’ ಎಂದರು. ನಾನು ಕನ್ನಡ ಪಾಠ ಮಾಡುವವಳು. ಆ ಹೆಸರು ನಾಲಿಗೆಗೆ ಹೊಂದುವಷ್ಟರಲ್ಲಿ ನನ್ನ ಪಾಳಿ ಮುಗಿದು ಮುಂದಿನವರನ್ನು ಕರೆದಿದ್ದರು.

ಆಮೇಲೆ ಅರ್ಥವಾದದ್ದು ಇಷ್ಟು. ಹೃದಯದ ಗೋಡೆ ಇರಬೇಕಾದ್ದಕ್ಕಿಂತ ದಪ್ಪ. ವಂಶದಲ್ಲಿ ಬರುವಂಥದ್ದು. ಕೆಲವರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ. ಕೆಲವರಿಗೆ ಏಕಾಏಕಿ ಆಗಿಬಿಡುತ್ತದೆ. ‘ನಾನು ಯಾವ ಕೆಲವರು, ಡಾಕ್ಟರ್?’ ಎಂದು ಕೇಳಿದೆ. ‘ನೋಡೋಣ’ ಎಂದರು. ಇನ್ನೂ ನೋಡುತ್ತಲೇ ಇದ್ದಾರೆ.

ಬಂಧುಗಳದ್ದು ಇನ್ನೊಂದು ಕಥೆ. ‘ನೋಡಾಕ ಗುಂಡಕಲ್ಲಿನಂಗ ಅದೀರಿ, ಎಂಥಾ ಬ್ಯಾನಿ?’ ಎಂದವರೇ ಹೆಚ್ಚು. ತುಪ್ಪ ಬಿಡು ಎಂದರು. (ತುಪ್ಪಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ಬಿಟ್ಟೆ.) ಇವರಿಗೆಲ್ಲ ವಿವರಿಸುವಷ್ಟರಲ್ಲಿ ಏದುಸಿರು ಬರುತ್ತಿತ್ತು.

ವಿವರಿಸಬೇಕಿಲ್ಲದ ಮೊದಲ ವ್ಯಕ್ತಿ ಯಲ್ಲವ್ವ. ಎಕೋ ರೂಮಿನ ಹೊರಗಿನ ಬೆಂಚಿನಲ್ಲಿ ಪಕ್ಕದಲ್ಲಿ ಕುಳಿತಿದ್ದಳು. ಊರು ಹತ್ತಿಮತ್ತೂರು. ಗಂಡ ಹೆಂಡತಿ ಸೇರಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಅವಳ ತಮ್ಮ ಅದೇ ಗಿರಣಿಯಲ್ಲಿ ಜೋಳದ ಚೀಲ ಹೊತ್ತು ತಿರುಗುವಾಗ ಬಿದ್ದವನು ಏಳಲಿಲ್ಲ. ಊರವರು ದೃಷ್ಟಿ ತಾಗಿತು ಅಂದರು. ಮುಂದೆ ಇವಳಿಗೂ ತಲೆ ಸುತ್ತು ಶುರುವಾದಾಗಲೇ ಅದರ ಹೆಸರು ಗೊತ್ತಾದದ್ದು.

‘ನಿಮಗೂ ಅದ ಏನ್ರಿ?’ ಎಂದಳು. ‘ಹೌದು’ ಎಂದೆ. ಪರಊರಿನಲ್ಲಿ ನಮ್ಮೂರಿನವರು ಸಿಕ್ಕ ಹಾಗೆ ಇಬ್ಬರೂ ನಕ್ಕೆವು.

ಮುಂದೆ ಇದೇ ರೋಗದ ಇನ್ನಿಬ್ಬರು ಸೇರಿದರು. ಹಾನಗಲ್ಲಿನ ನಿವೃತ್ತ ಸಂಸ್ಕೃತ ಮೇಷ್ಟ್ರು ಆಚಾರ್ಯರು. ಅವರ ಎದೆಯ ಚರ್ಮದ ಕೆಳಗೆ ಒಂದು ಪುಟ್ಟ ಯಂತ್ರವಿದೆ, ಹೃದಯದ ತಾಳ ತಪ್ಪಿದರೆ ಶಾಕ್ ಕೊಡುತ್ತದೆ. ಮತ್ತೆ ಹಿರೇಕೆರೂರಿನ ಟೇಲರ್ ರಫೀಕ್. ನಾಲ್ವರದೊಂದು ವಾಟ್ಸ್‌ಆ್ಯಪ್ ಗುಂಪು. ‘ವಿಶಾಲ ಹೃದಯಿಗಳು’ ಎಂಬ ಹೆಸರು ಆಚಾರ್ಯರದ್ದೇ. ‘ಇವತ್ತು ಮಾಳಿಗೆ ಹತ್ತಿದೆ, ನಡುವೆ ನಿಂತೆ’ ಎಂದು ಒಬ್ಬರು ಬರೆದರೆ ಮೂವರೂ ‘ಹೂಂ’ ಎನ್ನುತ್ತೇವೆ. ಅಷ್ಟೇ. ಅದೆಷ್ಟು ದೊಡ್ಡ ಔಷಧಿ ಅಂತೀರಿ!

ಇನ್ನು ಪ್ರವೀಣ. ಯಲ್ಲವ್ವನ ಒಬ್ಬನೇ ಮಗ. ಡಿಗ್ರಿ ಮುಗಿಸಿ ಪೊಲೀಸ್ ಭರ್ತಿಗೆ ತಯಾರಾಗುತ್ತಿದ್ದ. ದಿನಾ ಬೆಳಿಗ್ಗೆ ಸವಣೂರಿನ ಮೈದಾನಕ್ಕೆ ಹೋಗಿ ಓಡುತ್ತಿದ್ದ. ಲಿಖಿತ ಪರೀಕ್ಷೆ ಪಾಸಾಗಿತ್ತು, ಓಟದ ಪರೀಕ್ಷೆ ಬಾಕಿ.

ಮಕ್ಕಳನ್ನು ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ನಾನು ಮಗಳಿಗೆ ಮಾಡಿಸಿದೆ. ಏನೂ ಇಲ್ಲ ಎಂದು ಬಂತು. ಆ ಧೈರ್ಯದಲ್ಲಿ ಯಲ್ಲವ್ವನ ಬೆನ್ನು ಹತ್ತಿದೆ. ಅವಳು ಮುಂದೂಡುತ್ತಲೇ ಇದ್ದಳು. ಗುಂಪಿನಲ್ಲಿ ಜಗಳವೇ ಆಯಿತು.

‘ಒಮ್ಮಿ ಓಡಿ ನೌಕರಿ ಹಿಡೀಲಿ ಬಿಡ್ರಿ, ಆಮ್ಯಾಲ ತೋರಿಸಿದ್ರಾತು’ ಎಂದ ರಫೀಕ್.

‘ಓಡುವಾಗನ ಏನರ ಆದರ?’ ಎಂದರು ಆಚಾರ್ಯರು.

ಇಬ್ಬರದೂ ಸರಿ ಅನ್ನಿಸಿತು. ಆದರೂ ಒಂದು ಭಾನುವಾರ ನಾನೇ ಹತ್ತಿಮತ್ತೂರಿಗೆ ಹೋದೆ. ಯಲ್ಲವ್ವ ಗಿರಣಿ ಬಂದ್ ಮಾಡಿದಳು. ಪ್ರವೀಣ ಎದುರಿಗೆ ಕುಳಿತ. ಎಲ್ಲವನ್ನೂ ಹೇಳಿದೆ.

‘ಆರಾಮ ಇದ್ದಾವಗ ದವಾಖಾನಿ ಯಾಕ್ರಿ?’ ಎಂದ.

ಯಲ್ಲವ್ವ ನೆಲ ನೋಡುತ್ತ, ‘ನಿಮ್ಮ ಮಾಮಾನೂ ಆರಾಮ ಇದ್ದನಪಾ’ ಎಂದಳು. ಆ ವಾರವೇ ಅವನು ನಮ್ಮಿಬ್ಬರ ಜೊತೆ ಹುಬ್ಬಳ್ಳಿಗೆ ಬಂದ.

ಎಕೋದಲ್ಲಿ ಬಂದದ್ದೇನು? ಹೃದಯದ ಗೋಡೆ ಸ್ವಲ್ಪ ದಪ್ಪ. ಯಲ್ಲವ್ವ ನನ್ನ ಕೈ ಹಿಡಿದಳು. ಆದರೆ ಡಾಕ್ಟರು ಇನ್ನೊಂದು ಮಾತು ಹೇಳಿದರು. ಬಹಳ ಓಡುವವರ ಹೃದಯವೂ ಹೀಗೆ ದಪ್ಪಗಾಗುತ್ತದಂತೆ. ಇದು ತಾಯಿಯದ್ದೋ, ಓಟದ್ದೋ ಈಗಲೇ ಹೇಳಲು ಆಗದು. ಮೂರು ತಿಂಗಳು ಓಟ, ವ್ಯಾಯಾಮ ಪೂರ್ತಿ ಬಂದ್. ತೆಳುವಾದರೆ ಓಟದ್ದು. ಇಲ್ಲವಾದರೆ ತಾಯಿಯದ್ದು.

ಓಟದ ಪರೀಕ್ಷೆ ಬಂದದ್ದು ಆ ಮೂರು ತಿಂಗಳ ಒಳಗೇ.

ಪ್ರವೀಣ ಹೋಗಲಿಲ್ಲ. ಹೋಗಬೇಡ ಎಂದು ಅವತ್ತು ಯಾರೂ ಹೇಳಲಿಲ್ಲ. ಗಿರಣಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಹಿಟ್ಟಿಗೆ ಬಂದವರ ಡಬ್ಬಿ ಇಸಿದುಕೊಳ್ಳುತ್ತಿದ್ದನಂತೆ. ಗೆಳೆಯರ ಫೋನ್ ಎತ್ತಲಿಲ್ಲ. ನನ್ನದಂತೂ ಎತ್ತಲೇ ಇಲ್ಲ.

ಆಗ ನಾವು ಮೂವರೂ ಅವನಲ್ಲಿಗೆ ಹೋಗತೊಡಗಿದೆವು. ಬುದ್ಧಿ ಹೇಳಲು ಅಲ್ಲ. ಸುಮ್ಮನೆ. ರಫೀಕ್ ಕ್ರಿಕೆಟ್ ಮಾತಾಡುತ್ತಿದ್ದ. ನಾನು ಚಹಾ ಕುಡಿದು ಬರುತ್ತಿದ್ದೆ. ಒಮ್ಮೆ ಪ್ರವೀಣ ತಟ್ಟನೆ ಆಚಾರ್ಯರನ್ನು ಕೇಳಿದ:

‘ಏನ್ ಆಗತೈತಿ ಅಂತ ಗೊತ್ತಿಲ್ಲದ ಹೆಂಗ ಇರ್ತೀರಿ ಸರ?’

ಆಚಾರ್ಯರು ಗೀತೆಯನ್ನೋ ಉಪನಿಷತ್ತನ್ನೋ ಹೇಳುತ್ತಾರೆಂದು ಕಾದೆ.

‘ಹಂಗ ಇರಲಿಕ್ಕೆ ನನಗ ಬರೂದಿಲ್ಲೋ ತಮ್ಮಾ’ ಎಂದರು. ‘ಒಬ್ಬನ ಕೂತರ ಅಂಜಿಕಿ ಆಗ್ತದ. ಅದಕ್ಕ ಹಾನಗಲ್ಲಿಂದ ಇಲ್ಲಿ ತನಕ ಬರ್ತೇನಿ.’

ಪ್ರವೀಣ ಅವತ್ತು ಎದ್ದು ಹೋಗಿ ಅವರಿಗೆ ಇನ್ನೊಂದು ಕಪ್ ಚಹಾ ತಂದ.

ಮೂರು ತಿಂಗಳಾದ ಮೇಲೆ ಮತ್ತೆ ಎಕೋ. ಗೋಡೆ ತೆಳುವಾಗಿತ್ತು! ಓಟದ್ದೇ ಆಗಿತ್ತು. ಅಂದರೆ ಹುಡುಗ ಓಡಬಹುದಿತ್ತು. ಓಡಿದ್ದರೆ ಈಗ ಟ್ರೇನಿಂಗಿನಲ್ಲಿರುತ್ತಿದ್ದ. ಯಲ್ಲವ್ವ ಅತ್ತದ್ದು ಅದಕ್ಕೆ. ‘ಸಂತೋಷಕ್ಕ ಅಳಾಕತ್ತೇನೋ, ಹೊಟ್ಟಿ ಉರಿದು ಅಳಾಕತ್ತೇನೋ ನನಗ ತಿಳೀವಲ್ದ್ರಿ’ ಎಂದಳು.

ನನಗೂ ತಿಳಿಯಲಿಲ್ಲ. ‘ಕೆಲವು ವರ್ಷಗಳಿಗೊಮ್ಮೆ ತೋರಿಸುತ್ತಿರಿ, ಮುಂದೆ ಯಾವಾಗಲಾದರೂ ಬರಬಹುದು’ ಎಂದರಂತೆ ಡಾಕ್ಟರು. ಹಾಗಾದರೆ ಇದು ‘ಇಲ್ಲ’ವೋ, ‘ಸದ್ಯಕ್ಕೆ ಇಲ್ಲ’ವೋ? ನಾನು ಮಾಡಿದ್ದು ಸರಿಯೋ? ಸರಿ ಎನ್ನುತ್ತಾರೆ ಆಚಾರ್ಯರು. ಸರಿ ಎಂದೇ ನನ್ನ ತಲೆಯೂ ಹೇಳುತ್ತದೆ. ಆದರೂ ಪ್ರವೀಣ ಪರೀಕ್ಷೆಗೆ ಹೋಗದೆ ಗಿರಣಿಯಲ್ಲಿ ಕುಳಿತ ಆ ಬೆಳಗನ್ನು ನೆನೆದಾಗಲೆಲ್ಲ ಮತ್ತೆ ಅದನ್ನೇ ಕೇಳಿಕೊಳ್ಳುತ್ತೇನೆ.

ಕಳೆದ ಭಾನುವಾರ ಪ್ರವೀಣನೇ ಫೋನ್ ಮಾಡಿದ. ‘ಅಕ್ಕಾರ, ಮತ್ತ ಓಡಾಕ ಶುರು ಮಾಡೇನ್ರಿ. ಬರ್ತೀರೇನು ನೋಡಾಕ?’

ಸವಣೂರಿಗೆ ಹೋದೆ. ಮೈದಾನದ ಕಟ್ಟೆಯ ಮೇಲೆ ಯಲ್ಲವ್ವ ಆಗಲೇ ಕುಳಿತಿದ್ದಳು. ಪ್ರವೀಣ ಚೆನ್ನಾಗಿಯೇ ಹೊರಟ. ಆಚೆ ತುದಿ ಮುಟ್ಟಿ ಇತ್ತ ಬರುವಾಗ ಥಟ್ಟನೆ ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡ. ನಾವಿಬ್ಬರೂ ಒಟ್ಟಿಗೇ ಎದ್ದುಬಿಟ್ಟೆವು.

‘ಏನಾತೋ?’ ಎಂದು ಕೂಗಿದಳು ಯಲ್ಲವ್ವ.

‘ಏನೂ ಆಗಿಲ್ಲ ಅವ್ವಾ. ಎದಿ ಬಡಕೊಳ್ಳಾಕತ್ತೈತಿ’ ಎಂದ. ಆಮೇಲೆ ನನ್ನನ್ನು ನೋಡಿ ನಗಲು ಪ್ರಯತ್ನಿಸಿದ. ‘ಮೊದಲೂ ಬಡಕೊಂತಿತ್ರಿ. ಅವಾಗ ನಾ ನಿಂತು ಕೇಳತಿದ್ದಿಲ್ಲ.’

ಮತ್ತೆ ಓಡಿದ. ಮೊದಲಿಗಿಂತ ನಿಧಾನ.

ತಾಯಿಯ ರೋಗ ಅವನಿಗೆ ಬರಲಿಲ್ಲ, ಸರಿ. ಹಾಗಾದರೆ ನಾನು ಅವನಿಗೆ ಅಂಟಿಸಿದ್ದು ಏನನ್ನು?