ನಾಯಕಿಯ ಮೀಸೆ

ಓದು ಮುಗಿಸಿ ಕೆಲಸವಿಲ್ಲದೆ ಅಲೆಯುತ್ತಿದ್ದ ಕಾಲದಲ್ಲಿ ನಾವು ನಾಲ್ಕು ಜನ ಸೋಸಲೆಯ ಹೊಳೆದಂಡೆಯಲ್ಲಿ ಒಂದು ಸಿನಿಮಾ ತೆಗೆದೆವು. ಅಂಗೈಯಷ್ಟು ಕ್ಯಾಮೆರಾ, ಕಿರುಬೆರಳಿಗಿಂತ ಸಣ್ಣ ಅಗಲದ ರೀಲು. ಕವಲಂದೆಯ ಗೆಳೆಯ ನಾಯಕ. ನಾಯಕಿಯಾಗಲು ಎರಡು ತಾಲ್ಲೂಕು ಹುಡುಕಿದರೂ ಒಬ್ಬ ಹುಡುಗಿಯೂ ಒಪ್ಪಲಿಲ್ಲ. ಗುಂಪಿನಲ್ಲಿ ಸಣಕಲಾಗಿ ಬೆಳ್ಳಗಿದ್ದವನು ನಾನೇ ಆದ್ದರಿಂದ ಅಕ್ಕನ ಸೀರೆ ಉಟ್ಟೆ. ಮೀಸೆ ಮಾತ್ರ ಬೋಳಿಸಲಿಲ್ಲ. ಅಪ್ಪ ಕಲ್ಲುಗುಂಡಿನಂತೆ ಬದುಕಿರುವಾಗ ಮಗ ಮೀಸೆ ಬೋಳಿಸಿಕೊಂಡು ಹೋದರೆ ಮನೆಯೊಳಗೆ ಬಿಡುತ್ತಿದ್ದರೇ? ಕತ್ತರಿಯಾಡಿಸಿ, ಮೇಲೆ ಪೌಡರು ಮೆತ್ತಿದೆವು.

ಸಿನಿಮಾ ತೋರಿಸಿದ್ದು ಒಂದೇ ಸಲ, ತಿ. ನರಸೀಪುರದಲ್ಲಿ, ಪಂಚೆಯನ್ನೇ ಪರದೆಯಾಗಿ ಕಟ್ಟಿ. ಆಗಷ್ಟೇ ಮದುವೆಯಾಗಿದ್ದ ಕವಲಂದೆಯ ಗೆಳೆಯನ ಹೆಂಡತಿಯೂ ಬಂದಿದ್ದರು. ಆ ಮಸುಕಿನಲ್ಲಿ ನಾನು ನಿಜಕ್ಕೂ ಚೆನ್ನಾಗಿ ಕಾಣುತ್ತಿದ್ದೆ. ಯಾರಿವಳು ಎಂದವರಿಗೆಲ್ಲ ಮೈಸೂರಿನ ಹುಡುಗಿ ಎಂದೆವು. ಅಷ್ಟರಲ್ಲಿ ನನಗೆ ನಂಜನಗೂಡಿನ ಶಾಲೆಯೊಂದರಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತ್ತು. ಸೀರೆಯ ಸುದ್ದಿ ಮಕ್ಕಳ ಕಿವಿಗೆ ಬಿದ್ದರೆ ಮುಗಿಯಿತು. ಯಾರಿಗೂ ಹೇಳಬೇಡವೆಂದು ಗೆಳೆಯನಿಂದ ಭಾಷೆ ತೆಗೆದುಕೊಂಡೆ.

ಅವನು ಮಾತು ಉಳಿಸಿಕೊಂಡ. ಅವನ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳವಾದರೂ ಕೊನೆಗೆ ಹೆಂಡತಿಯದು ಅದೇ ಮಾತು: "ಓಗಿ, ಆ ಮೈಸೂರ್ನೋಳ್ ಕೈಲೇ ಅಟ್ಟುಸ್ಕೊಂಡು ಉಣ್ಣೋಗಿ!"

ನನ್ನ ಹತ್ತಿರ ಬಂದು, "ನಿನ್ ದೆಸೆಯಿಂದ ಕಣ್ಲಾ," ಎಂದು ಗೋಳಾಡುತ್ತಿದ್ದ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಹೋದ ವರ್ಷ ನಮ್ಮ ಅಟ್ಟದಲ್ಲಿ, ಹುರಳಿಕಾಳಿನ ಡಬ್ಬದೊಳಗೆ, ಆ ರೀಲು ಸಿಕ್ಕಿತು. ಈಗ ನಿವೃತ್ತ, ಯಾವ ಮಕ್ಕಳ ಭಯ? ಆದರೂ ಮಾನ ಎಂಬುದೊಂದು ಇದೆಯಲ್ಲ. ಮೈಸೂರಿನ ಸ್ಟುಡಿಯೊಗೆ ಒಯ್ದೆ. ಅಲ್ಲಿನ ಹೆಂಗಸು ರೀಲು ತೊಳೆದು, ಒಂದೊಂದೇ ಚಿತ್ರವಾಗಿ ಸ್ಕ್ಯಾನ್ ಮಾಡಿ, ಗೀರು, ಬೂಷ್ಟು ಎಲ್ಲ ತೆಗೆಯುತ್ತಾ ಹೋದರು. ನಾಯಕಿಯ ಮುಖಕ್ಕೆ ಬಂದಾಗ ನಿಲ್ಲಿಸಿ ಕೇಳಿದರು.

"ಸಾರ್, ಇವರ ತುಟಿ ಮೇಲಿರೋದೂ ಬೂಷ್ಟೇನಾ?"

"ಬೂಷ್ಟೇ ಕಣಮ್ಮ. ತೆಗೆದುಬಿಡಿ."

ಪಾಪ, ಪೂರ್ತಿ ಸಿನಿಮಾದಲ್ಲಿ ಹುಡುಕಿ ಹುಡುಕಿ ತೆಗೆದರು. ನನ್ನ ಮಾನ ಉಳಿಯಿತೆಂದು ನಿರಾಳನಾಗಿ, ಕೊನೆಯವರೆಗೂ ನೋಡದೆ ಪೆನ್‌ಡ್ರೈವ್ ಜೇಬಿಗಿಳಿಸಿ ಸೀದಾ ಕವಲಂದೆಗೆ ಹೋದೆ.

ಗೆಳೆಯನ ಮನೆಯ ಟಿವಿಯಲ್ಲಿ ಹಾಕಿದೆವು. ಅವನ ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತರು, ಕೂರಲಿಲ್ಲ. ಎಲ್ಲ ಸುಸೂತ್ರವಾಗಿತ್ತು. ಕೊನೆಯಲ್ಲಿ, ನಾಯಕಿ ಹೊಳೆಗಿಳಿಯುವ ದೃಶ್ಯ. ಸೂರ್ಯ ಮುಳುಗಿದ ಮೇಲೆ ತೆಗೆದದ್ದು. ಅಂದು ಪಂಚೆಯ ಮೇಲೆ ಬರೀ ಕತ್ತಲೆ ಕಂಡಿತ್ತು. ಸ್ಟುಡಿಯೊದವರು ಅದಕ್ಕೂ ಬೆಳಕು ತಂದಿದ್ದರು. ನೀರು ಕಾಲಿಗೆ ತಾಕಿದ್ದೇ ತಡ, ನಾಯಕಿ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಮಡಚಿ, ಪಂಚೆಯಂತೆ ಸೊಂಟಕ್ಕೆ ಸಿಕ್ಕಿಸಿ, ರೋಮ ತುಂಬಿದ ಮೀನಖಂಡ ಕೆರೆದುಕೊಂಡಳು.

ಗೆಳೆಯನ ಹೆಂಡತಿ ಪರದೆ ನೋಡಿದರು. ನನ್ನನ್ನು ನೋಡಿದರು.

"ಮೇಷ್ಟ್ರೇ... ನೀವಾ?"

ನಾನು ಹೌದೆಂದು ತಲೆಯಾಡಿಸಿದೆ. ಗೆಳೆಯ ಗೊಳ್ಳೆಂದು ನಕ್ಕ, ನಾನೂ ನಕ್ಕೆ, ಆಕೆಯೂ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಮ್ಮ ನಗು ನಿಂತಿತು. ಆಕೆಯ ಕಣ್ಣೀರು ನಿಲ್ಲಲಿಲ್ಲ.

"ಅವಳ್ ಮುಂದೆ ನಾನೆಲ್ಲಿ ಅನ್ಕಂಡು ಕನ್ನಡಿ ನೋಡ್ಕಳಾದ್ನೇ ಬುಟ್ಬುಟ್ಟಿದ್ದೆ ಕಣ್ರೀ," ಎಂದರು ಗಂಡನಿಗೆ. "ಒಂದ್ ಮಾತು ಏಳ್ಬಾರ್ದಿತ್ತಾ?"

ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಇಷ್ಟು ವರ್ಷ ನಾನು ನಕ್ಕದ್ದೆಲ್ಲ ಯಾರ ಹೊಟ್ಟೆ ಉರಿಸಿ ಎಂದು ಅರ್ಥವಾಗಿ ನಾಚಿಕೆಯಾಯಿತು.

ಊಟಕ್ಕೆ ಕೂತಾಗ ಆಕೆ ಮೊದಲ ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿ, "ನಮ್ ಸವ್ತಿ ಮೊದ್ಲು ಉಣ್ಲಿ," ಎಂದರು. ಗೆಳೆಯ ತಾನೇ ಎದ್ದು ಬಡಿಸಿಕೊಂಡ.