ಗೆಳೆಯನ ಮೂಗಿಗಾಗಿ ವಿಸ್ಕಿ

ಕುಡಿಯುವವರಿಗೆ ಒಂದು ನೆಪ ಬೇಕು ಅಂತಾರೆ. ನಮಗೆ ಸಿಕ್ಕಂಥ ನೆಪ ಮಾತ್ರ ಯಾರಿಗೂ ಸಿಗಬಾರದು.

ಮಸ್ಕಿಯಲ್ಲಿ ಮಟನ್ ಖಾನಾವಳಿ ಇಟ್ಟಿರುವ ನನ್ನ ಗೆಳೆಯನಿಗೆ ಕೊರೊನಾ ಬಂದು ಹೋಯಿತು. ಹೋಗುವಾಗ ಮೂಗನ್ನೂ ಸಾಯಿಸಿ ಹೋಯಿತು. ಅವನು ಮಸಾಲೆಯನ್ನು ಎಂದೂ ಅಳೆದು ಹುರಿದವನಲ್ಲ. ಬಾಣಲೆಯ ಮೇಲೆ ಬಗ್ಗಿ, ಮೂಸಿ, ಸಾಕು ಅನಿಸಿದಾಗ ಇಳಿಸುತ್ತಿದ್ದ. ಈಗ ಹೊತ್ತಿದರೂ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಹಳಸಿದ ಸಾರು ಬಡಿಸಿಬಿಟ್ಟ. ಉಣ್ಣಲು ಕೂತವನು ಏನೂ ಅನ್ನದೆ ತಾಟು ಸರಿಸಿ ಎದ್ದು ಹೋದ. ಬೈದಿದ್ದರೆ ಇವನು ತಡೆದುಕೊಳ್ಳುತ್ತಿದ್ದ.

"ಮೂಗು ಸತ್ತಾಂವ ಒಲಿ ಮುಂದ ಯಾಕ ಕೂಡಬೇಕಲೇ? ಅಮಾಸಿ ಆದಮ್ಯಾಲ ಬಾಗಿಲಾ ಹಾಕ್ತೀನಿ," ಅಂದ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ದಿನಾ ಬೇರೆ ಬೇರೆ ಘಾಟಿನ ಪದಾರ್ಥ ಮೂಸಲು ಡಾಕ್ಟರು ಹೇಳಿದ್ದರು. ಲವಂಗ, ನಿಂಬೆಹಣ್ಣು, ಅಮೃತಾಂಜನ ಎಲ್ಲ ಆಗಿತ್ತು. ಆಗ ನಮ್ಮ ಲಿಂಗಸುಗೂರಿನ ಗೆಳೆಯ, ತನ್ನ ಅಳಿಯ ದುಬೈನಿಂದ ತಂದಿದ್ದ ವಿಸ್ಕಿ ಬಾಟಲಿಗಳನ್ನು ಚೀಲದಲ್ಲಿ ಹೊತ್ತು ಬಂದ. ಖಾನಾವಳಿಯವನ ಹೆಂಡತಿಯೂ ಒಪ್ಪಿದಳು: "ಮೂಗು ಬರ್ಲಿ ರೀ ಅಣ್ಣಾರ, ಆದ್ರ ಕಾಲು ನೆಟ್ಟಗಿರ್ಲಿ."

ತುರ್ವಿಹಾಳದ ಹತ್ತಿರ ನನ್ನ ಗದ್ದೆಯ ಪಂಪ್‌ಸೆಟ್ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಕೂತೆವು. ಅಲ್ಲಿತನಕ ನಮಗೆ ವಿಸ್ಕಿ ಅಂದರೆ ಸೋಡಾ ಸುರಿದು, ಮಿರ್ಚಿ ಕಡಿದು, ಕಣ್ಣು ಮುಚ್ಚಿ ನುಂಗುವುದು. ಅವತ್ತು ಮೂಸಿ ಮೂಸಿ ಗುಟುಕರಿಸಿದೆವು. ಮೊದಲನೆಯದು ಅಮೆರಿಕದ್ದು, ಮೆಕ್ಕೆಜೋಳದ್ದು. ಬೇಕರಿಯ ಮುಂದೆ ನಿಂತ ಹಾಗೆ ಸಿಹಿ ವಾಸನೆ.

"ನಮ್ಮ ಎಮ್ಮಿ ತಿನ್ನೂದ್ರಾಗ ಇಷ್ಟು ರುಚಿ ಐತೇನ್ಲೇ!" ಅಂದ ಲಿಂಗಸುಗೂರಿನವನು.

ಎರಡನೆಯದು ಐರ್ಲೆಂಡಿನದು, ಗಂಟಲಲ್ಲಿ ತುಪ್ಪದಂತೆ ಇಳಿಯಿತು. ಖಾನಾವಳಿಯವನು ಎರಡನ್ನೂ ಮೂಸಿ, "ಬರೀ ಉರಿ" ಎಂದು ಮೂಲೆಗೆ ಹೋಗಿ ಗೋಡೆಗೆ ಒರಗಿದ.

ಮೂರನೆಯದನ್ನು ಸುರಿದದ್ದೇ ನಾನು ಮುಖ ಕಿವುಚಿದೆ. ಸಿಂಧನೂರಿನಲ್ಲಿ ಔಷಧಿ ಅಂಗಡಿ ಇಟ್ಟವನು ನಾನು. ನನಗದು ಗಾಯಕ್ಕೆ ಹಚ್ಚುವ ಟಿಂಚರಿನ ಹಾಗೆ ನಾರಿತು. ಅದನ್ನು ಮಾಡುವವರು ಬಾರ್ಲಿಯನ್ನು ಹೊಗೆಯಲ್ಲಿ ಒಣಗಿಸುತ್ತಾರೆಂದು ತಿಳಿದದ್ದು ಆಮೇಲೆ. ತಂದವನಿಗೆ ನಾಚಿಕೆಯಾಯಿತು. "ಕೆಟ್ಟೈತಲೇ ಇದು, ಚೆಲ್ತೀನಿ," ಎಂದು ಲೋಟ ಹಿಡಿದು ಬಾಗಿಲಿಗೆ ನಡೆದ.

ಮೂಲೆಯಿಂದ ದನಿ ಬಂತು: "ಏ, ಕಿಡಕಿ ಹಾಕ್ರಲೇ. ಯಾರೋ ಹುಲ್ಲಿಗೆ ಬೆಂಕಿ ಹಚ್ಯಾರ."

ಹೊರಗೆ ನೋಡಿದೆವು. ಕಾಲುವೆಯ ಉದ್ದಕ್ಕೂ ಭತ್ತ ಇನ್ನೂ ಹಸಿರಾಗಿ ನಿಂತಿತ್ತು. ಕೊಯ್ಲೇ ಆಗಿಲ್ಲ, ಹುಲ್ಲೆಲ್ಲಿಂದ ಸುಡಬೇಕು? ನನ್ನ ಲೋಟವನ್ನು ಒಯ್ದು ಅವನ ಕೈಗೆ ಕೊಟ್ಟೆ. ಮೂಸಿದ. ಮತ್ತೆ ಮೂಸಿದ.

"ಇದರಾಗಿಂದ ಬರಾಕತ್ತೈತೇನ್ಲೇ?" ಅಂದವನ ಕಣ್ಣು ತುಂಬಿ ಬಂದವು. ನಾವಿಬ್ಬರೂ ಅತ್ತೆವು. ಒಬ್ಬರಿಗೂ ಇನ್ನೂ ತಲೆಗೇರಿರಲಿಲ್ಲ.

ಅವನು ಒಂದು ಹನಿಯನ್ನೂ ಕುಡಿಯಲಿಲ್ಲ. ಲೋಟ ಕೆಳಗಿಟ್ಟು, ಫೋನ್ ತೆಗೆದು ಹೆಂಡತಿಗೆ ಹೇಳಿದ: "ಸಂಜಿ ಮಸಾಲಿ ನೀ ಹುರೀಬ್ಯಾಡ. ನಾ ಬರಾಕತ್ತೀನಿ."